ಕೋಶಕೇಂದ್ರದ ದ್ವಾರವೂ ಪ್ರತಿಬಂಧಕದ್ರವ್ಯಗಳೂ

ಬೆಂಕಿಯು ಸುಡುವುದು, ಚಂದ್ರಕಾಂತವೆಂಬ ಮಣಿಯನ್ನು ಅದರ ಸನ್ನಿಧಿಯಲ್ಲಿಟ್ಟರೆ ಸುಡದು, ಮಣಿಯನ್ನು ತೆಗೆದೊಡನೆ ಮತ್ತೆ ಸುಡುವುದು. ಇಂತಹ ಮಣಿಯು ಲೋಕದಲ್ಲಿ ಉಂಟೋ ಇಲ್ಲವೋ ಎಂಬುದು ಬೇರೆಯ ಮಾತು. ಈ ದೃಷ್ಟಾಂತವೊಂದನ್ನು ಮುಂದಿಟ್ಟುಕೊಂಡು ಭಾರತೀಯ ತಾರ್ಕಿಕರು ಶತಮಾನಗಳ ಕಾಲ ವಾದಮಾಡಿರುವರು. ಬೆಂಕಿಯಲ್ಲಿ ಶಕ್ತಿಯೆಂಬ ಪ್ರತ್ಯೇಕವಾದ ಪದಾರ್ಥವುಂಟು, ಮಣಿಯು ಅದನ್ನು ಕುಂಠಿಸುವುದು ಎಂಬುದು ಮೀಮಾಂಸಕರ ಪಕ್ಷ. ನೈಯಾಯಿಕರು ಇದನ್ನು ಒಪ್ಪರು. ಉದಯನಾಚಾರ್ಯರು ನ್ಯಾಯಕುಸುಮಾಂಜಲಿಯ ಮೊದಲನೆಯ ಸ್ತಬಕದಲ್ಲಿಯೂ, ವಿಶ್ವನಾಥ ಪಂಚಾನನರು ಸಿದ್ಧಾಂತಮುಕ್ತಾವಳಿಯಲ್ಲಿಯೂ ಈ ವಿಚಾರವನ್ನೆತ್ತಿಕೊಂಡಿರುವರು. ಯಾವುದರ ಅಭಾವವು ಕಾರ್ಯಕ್ಕೆ ಕಾರಣಗಳಲ್ಲಿ ಒಂದಾಗಿರುವುದೋ ಅದೇ ಪ್ರತಿಬಂಧಕ, ಕಣ್ಣಿಗೆ ಕಾಣದ ಶಕ್ತಿಯನ್ನು ಕಲ್ಪಿಸಬೇಕಾದುದಿಲ್ಲ ಎಂಬುದು ಅವರ ಸಿದ್ಧಾಂತ. ಮಣಿಯು ಅಲ್ಲಿಯೇ ಇದ್ದರೂ ಮತ್ತೊಂದು ವಸ್ತುವು ಬಂದು ದಾಹವನ್ನುಂಟುಮಾಡಿದರೆ ಆ ವಸ್ತುವಿಗೆ ಉತ್ತೇಜಕವೆಂದು ಹೆಸರು. ಇನ್ನು ನೀರನ್ನು ಸುರಿದು ಬೆಂಕಿಯನ್ನೇ ನಂದಿಸಿದರೆ ಅಲ್ಲಿಯೂ ದಾಹವಿಲ್ಲವಾಗುವುದು, ದಿಟ. ಆದರೆ ಅಲ್ಲಿ ತಡೆದದ್ದಲ್ಲ, ಕಾರಣವೇ ಹೋದದ್ದು. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ವಿಚಾರವು ಕೆಡುವುದು.

ಜೀವಕೋಶದ ನಡುವಣ ಕೋಶಕೇಂದ್ರದೊಳಕ್ಕೆ ಪ್ರೋಟೀನುಗಳು ಹೋಗುವ ಬಗೆಯನ್ನು ವಿಜ್ಞಾನಿಗಳು ಅರಿತುಕೊಂಡ ಚರಿತ್ರೆಯು ಬಹುಮಟ್ಟಿಗೆ ಇಂತಹ ಮಣಿಗಳ ಚರಿತ್ರೆಯಾಗಿದೆ. ಇಂಗ್ಲಿಷಿನವರು ‘ಇನ್ಹಿಬಿಟರ್’ ಎನ್ನುವ ವಸ್ತುವನ್ನು ಕನ್ನಡದಲ್ಲಿ ನಿರೋಧಕವೆಂದೂ ಪ್ರತಿರೋಧಕವೆಂದೂ ಬರೆಯುವ ರೂಢಿಯುಂಟು. ಇಲ್ಲಿ ಪ್ರತಿಬಂಧಕವೆಂಬ ಶಾಸ್ತ್ರಶಬ್ದವೇ ಹೆಚ್ಚು ತಕ್ಕುದು. ಆ ಶಬ್ದದ ಹಿಂದೆ ಒಂದು ಪರೀಕ್ಷಾಕ್ರಮವೂ ಇರುವುದು. ತಡೆಯುವ ವಸ್ತುವನ್ನು ತೆಗೆದರೆ ಕಾರ್ಯವು ಮರಳುವುದೇ? ಉತ್ತೇಜಕವುಂಟೇ? ತಡೆದದ್ದು ಈ ಕಾರ್ಯವೊಂದನ್ನೇ, ಅಥವಾ ಬೇರೆ ಕಾರ್ಯಗಳನ್ನೂ ಉಂಟೇ? ಈ ಪ್ರಶ್ನೆಗಳನ್ನು ಬಿಡದೆ ಕೇಳಿದೆಡೆಯಲ್ಲಿ ಜ್ಞಾನವು ಬೆಳೆದಿದೆ. ಕೇಳದೆ ಮುಂದುವರಿದೆಡೆಯಲ್ಲಿ ಲಕ್ಷಾಂತರ ಜನರು ವ್ಯರ್ಥವಾದ ಔಷಧವನ್ನು ನುಂಗಿರುವರು.

ಕೋಶಕೇಂದ್ರಕ್ಕೆ ‘ನ್ಯೂಕ್ಲಿಯಸ್’ ಎಂಬ ಹೆಸರನ್ನಿಟ್ಟವನು ಸಸ್ಯಶಾಸ್ತ್ರಜ್ಞನಾದ ರಾಬರ್ಟ್ ಬ್ರೌನ್. ಆರ್ಕಿಡ್ ಗಿಡಗಳ ಕೋಶಗಳಲ್ಲಿ ಕಂಡ ಈ ಭಾಗವನ್ನು ಆತನು ೧೮೩೧ರಲ್ಲಿ ಲಂಡನ್ನಿನ ಲಿನ್ನೀಯನ್ ಸೊಸೈಟಿಯಲ್ಲಿ ವರ್ಣಿಸಿದನು. ವಂಶಲಕ್ಷಣಗಳ ಭಂಡಾರವು ಅದರೊಳಗಿದೆ. ಸುತ್ತಲೂ ಇಮ್ಮಡಿಯಾದ ಪೊರೆಯುಂಟು. ಆ ಪೊರೆಯಲ್ಲಿ ರಂಧ್ರಗಳಿರುವುದನ್ನು ೧೯೫೦ರಲ್ಲಿ ಕ್ಯಾಲನ್ ಮತ್ತು ಟಾಮ್ಲಿನ್ ಎಂಬವರು ಉಭಯಚರಪ್ರಾಣಿಗಳ ಅಂಡಕೋಶಗಳಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಸಹಾಯದಿಂದ ತೋರಿಸಿದರು. ರಂಧ್ರವೆಂದರೆ ಬರಿಯ ತೂತಲ್ಲ. ಸುಮಾರು ೩೦ ಜಾತಿಯ ಪ್ರೋಟೀನುಗಳು ಎಂಟು ಪಾಲಿನ ಚಕ್ರಾಕಾರದಲ್ಲಿ ಜೋಡಣೆಗೊಂಡು ಕಟ್ಟಿದ ದ್ವಾರವದು. ಸಣ್ಣ ಅಣುಗಳು ಅದರೊಳಗೆ ತಾವಾಗಿಯೇ ಹರಿದಾಡುವುವು. ಸುಮಾರು ೪೦,೦೦೦ ಡಾಲ್ಟನ್ ತೂಕವನ್ನು ಮೀರಿದ ಪ್ರೋಟೀನುಗಳಿಗಾದರೋ ಅಪ್ಪಣೆಯಿಲ್ಲದೆ ಪ್ರವೇಶವಿಲ್ಲ.

ಆ ಅಪ್ಪಣೆಯು ಎಲ್ಲಿದೆ? ಹೋಗುವವನ ಕೈಯಲ್ಲಿಯೇ ಇದೆಯೆಂಬುದು ೧೯೮೨ರಲ್ಲಿ ಗೊತ್ತಾಯಿತು. ಡಿಂಗ್ವಾಲ್, ಶಾರ್ನಿಕ್, ಲ್ಯಾಸ್ಕಿ ಎಂಬ ವಿಜ್ಞಾನಿಗಳು ಕಪ್ಪೆಯ ಅಂಡಕೋಶದಲ್ಲಿ ಹೇರಳವಾಗಿರುವ ನ್ಯೂಕ್ಲಿಯೊಪ್ಲಾಸ್ಮಿನ್ ಎಂಬ ಪ್ರೋಟೀನನ್ನು ತೆಗೆದುಕೊಂಡು ಅದರ ಬಾಲದಂತಿರುವ ಭಾಗಗಳನ್ನು ಕತ್ತರಿಸಿದರು. ಬಾಲವಿಲ್ಲದ ತಿರುಳು ಹೊರಗೆ ಉಳಿಯಿತು. ಬಾಲವು ಮಾತ್ರ ಒಳಹೊಕ್ಕಿತು. ೧೯೮೪ರಲ್ಲಿ ಕಾಲ್ಡರಾನ್ ಮತ್ತು ಸಂಗಡಿಗರು ಎಸ್‌ವಿ-೪೦ ಎಂಬ ವೈರಸ್ಸಿನ ಒಂದು ಪ್ರೋಟೀನಿನಲ್ಲಿ ೧೨೮ನೆಯ ಸ್ಥಾನದ ಲೈಸೀನ್ ಎಂಬ ಒಂದೇ ಒಂದು ಘಟಕವನ್ನು ಬದಲಾಯಿಸಿ ಆ ಪ್ರೋಟೀನು ಹೊರಗೇ ನಿಲ್ಲುವಂತೆ ಮಾಡಿದರು. ಅಷ್ಟಕ್ಕೇ ನಿಲ್ಲದೆ, ಆ ಸ್ಥಾನವನ್ನೊಳಗೊಂಡ ಏಳು ಘಟಕಗಳ ತುಂಡನ್ನು ಎಂದೂ ಒಳಗೆ ಹೋಗದ ಪೈರುವೇಟ್ ಕೈನೇಸ್ ಎಂಬ ಪ್ರೋಟೀನಿಗೆ ಅಂಟಿಸಲು ಅದು ಒಳಗೆ ಹೋಯಿತು. ಇದ್ದರೆ ಹೋಗುವುದು, ಇಲ್ಲದಿದ್ದರೆ ಹೋಗದು. ಅನ್ವಯವೂ ವ್ಯತಿರೇಕವೂ ಇಷ್ಟು ನಿಚ್ಚಳವಾಗಿ ಒಂದೇ ಕೃತಿಯಲ್ಲಿ ಕೂಡಿರುವುದು ಅಪೂರ್ವ. ಹೀಗೆ ಸಂಕೇತದ ನಿರ್ಣಯವಾಯಿತು. ಆದರೆ ದ್ವಾರಪಾಲಕರು ಯಾರು, ಅವರು ಏನು ಮಾಡುವರು ಎಂಬುದು ಮರೆಯಾಗಿಯೇ ಇದ್ದಿತು. ಪ್ರೋಟೀನನ್ನು ಕತ್ತರಿಸಿದಂತೆ ದ್ವಾರವನ್ನು ಕತ್ತರಿಸುವುದಕ್ಕೆ ಆಗಿನ ಕಾಲದಲ್ಲಿ ಉಪಾಯವಿರಲಿಲ್ಲ. ತಡೆದು ನೋಡುವುದೊಂದೇ ಮಾರ್ಗ.

ಮೊದಲನೆಯ ಮಣಿಯು ೧೯೮೭ರಲ್ಲಿ ದೊರೆಯಿತು. ಅದು ಗೋಧಿಯ ಕಾಳಿನ ಮೊಳಕೆಯ ಭಾಗದಿಂದ ತೆಗೆದ, ಲೆಕ್ಟಿನ್ ಎಂಬ ಜಾತಿಗೆ ಸೇರಿದ ಒಂದು ಪ್ರೋಟೀನು. ಲೆಕ್ಟಿನುಗಳಿಗೆ ನಿಯತವಾದ ಸಕ್ಕರೆಗಳನ್ನು ಹಿಡಿದುಕೊಳ್ಳುವ ಗುಣವುಂಟು. ಗೋಧಿಯದು ಎನ್-ಅಸಿಟೈಲ್ ಗ್ಲುಕೋಸಮೀನ್ ಎಂಬ ಸಕ್ಕರೆಯನ್ನು ಹಿಡಿಯುವುದು. ಅಮೆರಿಕದ ಸಾನ್ ಡಿಯೇಗೊವಿನಲ್ಲಿ ಫಿನ್ಲೆ, ನ್ಯೂಮೈಯರ್, ಪ್ರೈಸ್, ಫೋರ್ಬ್ಸ್ ಎಂಬವರು ಝೆನೋಪಸ್ ಎಂಬ ಆಫ್ರಿಕದ ಕಪ್ಪೆಯ ಮೊಟ್ಟೆಯ ಸಾರ, ಇಲಿಯ ಯಕೃತ್ತಿನಿಂದ ಬೇರ್ಪಡಿಸಿದ ಕೋಶಕೇಂದ್ರಗಳು, ಹೊಳೆಯುವ ಬಣ್ಣವನ್ನು ಕಟ್ಟಿದ ನ್ಯೂಕ್ಲಿಯೊಪ್ಲಾಸ್ಮಿನ್ ಇವುಗಳನ್ನು ಗಾಜಿನ ಪಾತ್ರೆಯಲ್ಲಿ ಕೂಡಿಸಿ, ಪ್ರವೇಶವನ್ನು ತಡೆಯುವ ದ್ರವ್ಯಗಳನ್ನು ಹುಡುಕಿದರು. ಗೋಧಿಯ ಲೆಕ್ಟಿನನ್ನು ಸೇರಿಸಲು ಪ್ರವೇಶವು ಪೂರ್ತಿಯಾಗಿ ನಿಂತಿತು.

ಇಷ್ಟರಿಂದ ತೃಪ್ತರಾಗಿದ್ದರೆ ಆ ಲೇಖನವು ಇಂದಿಗೆ ಮರೆತುಹೋಗುತ್ತಿದ್ದಿತು. ಅವರು ಮಾಡಿದ ಮುಂದಿನ ಪರೀಕ್ಷೆಗಳನ್ನು ನ್ಯಾಯಶಾಸ್ತ್ರದ ವಿದ್ಯಾರ್ಥಿಯು ಓದಿದರೆ ಹಳೆಯ ಪರಿಚಯದವರನ್ನು ಕಂಡಂತಾಗುವುದು. ಬೇರೆ ಲೆಕ್ಟಿನುಗಳನ್ನು ಹಾಕಿ ನೋಡಿದರು, ಯಾವುದೂ ತಡೆಯಲಿಲ್ಲ. ಆದುದರಿಂದ ಲೆಕ್ಟಿನೆಂಬ ಸಾಮಾನ್ಯವು ಕಾರಣವಲ್ಲ, ಈ ವಿಶೇಷವೇ ಕಾರಣ. ಎನ್-ಅಸಿಟೈಲ್ ಗ್ಲುಕೋಸಮೀನನ್ನು ಮೊದಲೇ ಬೆರೆಸಿಟ್ಟರು; ಲೆಕ್ಟಿನ್ ಇದ್ದರೂ ತಡೆಯುಂಟಾಗಲಿಲ್ಲ. ತಡೆಯುಂಟಾದ ಮೇಲೆ ಸಕ್ಕರೆಯನ್ನು ಹಾಕಿದರು. ನಿಂತಿದ್ದ ಪ್ರವೇಶವು ಮತ್ತೆ ನಡೆಯಿತು. ಈ ಸಕ್ಕರೆಯು ಉತ್ತೇಜಕವಲ್ಲದೆ ಮತ್ತೇನು? ಕೊನೆಗೆ ಲೆಕ್ಟಿನಿಗೆ ಫೆರಿಟಿನ್ ಎಂಬ ಕಬ್ಬಿಣವುಳ್ಳ ಗುರುತನ್ನು ಕಟ್ಟಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದು ಒಂದೊಂದು ರಂಧ್ರದ ಹೊರಮುಖದಲ್ಲಿಯೂ ಹಲವಾಗಿ ಕುಳಿತಿದ್ದುದು ಕಂಡುಬಂದಿತು. ದ್ವಾರದ ಪ್ರೋಟೀನುಗಳು ಸಕ್ಕರೆಯನ್ನು ಹೊತ್ತಿರುವುದೂ ಅದೇ ವರ್ಷಗಳಲ್ಲಿ ಬೇರೆ ಬೇರೆ ಕಡೆಗಳಲ್ಲಿ ಗೊತ್ತಾಗುತ್ತಿದ್ದಿತು. ೧೯೮೭ರಲ್ಲಿಯೇ ಜಪಾನಿನ ಯೊನೇಡಾ ಮತ್ತು ಸಂಗಡಿಗರು ಜೀವಂತವಾದ ಕೋಶಗಳೊಳಕ್ಕೆ ಈ ಲೆಕ್ಟಿನನ್ನು ಚುಚ್ಚಿ ಇದೇ ಫಲವನ್ನು ಪಡೆದರು. ಸಣ್ಣ ಡೆಕ್ಸ್‌ಟ್ರಾನ್ ಅಣುಗಳ ತಾನಾದ ಹರಿದಾಟಕ್ಕೆ ಮಾತ್ರ ಅಡ್ಡಿಯಾಗಲಿಲ್ಲ. ಈ ಕಡೆಯ ಅಂಶವು ಮುಖ್ಯವಾದುದು. ಬಾಗಿಲಿಗೆ ಮಣ್ಣು ಮೆತ್ತಿ ಮುಚ್ಚಿದ್ದರೆ ಚಿಕ್ಕದೂ ನಿಲ್ಲಬೇಕಾಗಿದ್ದಿತು. ನಿಂತದ್ದು ಅಪ್ಪಣೆ ಪಡೆದು ಹೋಗುವವರ ಪ್ರವೇಶವೊಂದೇ.

ಒಂದು ಮಣಿಯಿಂದ ಒಂದು ಕಾರಣವು ತಿಳಿಯುವುದು; ಬೇರೆ ಬೇರೆ ಕಡೆ ತಡೆಯುವ ಎರಡು ಮಣಿಗಳಿದ್ದರೆ ಕಾರಣಗಳ ಕ್ರಮವೇ ತಿಳಿಯುವುದು. ನ್ಯೂಮೈಯರ್ ಮತ್ತು ಫೋರ್ಬ್ಸ್ ೧೯೮೮ರಲ್ಲಿ ಪ್ರವೇಶವನ್ನು ಎರಡು ಹಂತಗಳಾಗಿ ಬಿಡಿಸಿದರು. ಕೋಶದ ಇಂಧನವಾದ ಎಟಿಪಿಯನ್ನು ತೆಗೆದುಬಿಟ್ಟರೆ ಪ್ರೋಟೀನು ರಂಧ್ರದ ಬಳಿಗೆ ಬಂದು ಅಂಟುವುದು, ಒಳಗೆ ಹೋಗದು. ಲೆಕ್ಟಿನನ್ನು ಹಾಕಿದರೂ ಹಾಗೆಯೇ, ಅಂಟುವುದು, ಹೋಗದು. ಆದುದರಿಂದ ಹೊಸ್ತಿಲಿಗೆ ಬರುವುದು ಬೇರೆ, ಹೊಸ್ತಿಲನ್ನು ದಾಟುವುದು ಬೇರೆ. ೧೯೯೦ರಲ್ಲಿ ಅವರೇ ಎನ್-ಈಥೈಲ್ ಮಲೇಮೈಡ್ ಎಂಬ ರಾಸಾಯನಿಕವನ್ನು ಪ್ರಯೋಗಿಸಿದರು. ಇದು ಪ್ರೋಟೀನುಗಳ ಗಂಧಕಯುಕ್ತವಾದ ಭಾಗಗಳಿಗೆ ಅಂಟಿ ಅವುಗಳನ್ನು ಕೆಡಿಸುವುದು. ಕೋಶರಸವನ್ನು ಇದರಿಂದ ಉಪಚರಿಸಲು ಪ್ರೋಟೀನು ಹೊಸ್ತಿಲಿಗೂ ಬರಲಿಲ್ಲ. ಉಪಚರಿಸದ ಹೊಸ ಕೋಶರಸವನ್ನು ಸೇರಿಸಲು ಬಂದಿತು. ಆಗ, ಪ್ರೋಟೀನನ್ನು ಹೊಸ್ತಿಲಿನವರೆಗೆ ಕರೆತರುವ ವಾಹಕವು ದ್ವಾರದಲ್ಲಿಲ್ಲ, ಹೊರಗಣ ರಸದಲ್ಲಿದೆ ಎಂಬುದು ಸಿದ್ಧಿಸಿತು. ಮೇಲೆ ಹೇಳಿದ ಭೇದವನ್ನು ಇಲ್ಲಿ ನೆನೆಯಬೇಕು. ಲೆಕ್ಟಿನು ಮಣಿಯಂತೆ, ಮಲೇಮೈಡು ನೀರಿನಂತೆ. ನೀರಿನಂತಹ ದ್ರವ್ಯದಿಂದಲೂ ಪ್ರಮಾಣವು ದೊರೆಯಬಹುದು, ಆದರೆ ಕೆಟ್ಟುಹೋದುದರ ಸ್ಥಾನದಲ್ಲಿ ಕೆಡದುದನ್ನು ತಂದಿಟ್ಟು ತೋರಿಸಿದರೆ ಮಾತ್ರ. ಆ ವಿಜ್ಞಾನಿಗಳು ಅದನ್ನು ತಪ್ಪದೆ ಮಾಡಿದರು.

ಇದರ ಮೇಲೆ ಕೆಲಸವು ಬಲುಬೇಗ ಮುಂದುವರಿಯಿತು. ಅದೇ ೧೯೯೦ರಲ್ಲಿ ಆಡಮ್, ಗೆರೇಸ್ ಮೊದಲಾದವರು ಡಿಜಿಟೋನಿನಿನಿಂದ ಕೋಶದ ಹೊರಪೊರೆಯನ್ನು ಮಾತ್ರ ತೂತುಮಾಡಿ ಒಳಗಣ ರಸವನ್ನು ಹರಿಯಬಿಟ್ಟು, ಬೇಕಾದುದನ್ನು ಒಂದೊಂದಾಗಿ ಸೇರಿಸಿ ನೋಡುವ ಕ್ರಮವನ್ನು ಕಂಡುಹಿಡಿದರು. ೧೯೯೩ರಲ್ಲಿ ಜಿಟಿಪಿ ಎಂಬ ದ್ರವ್ಯದಂತೆಯೇ ಇದ್ದು ಒಡೆಯದಿರುವ ಅನುಕರಣವಸ್ತುಗಳು ಪ್ರವೇಶವನ್ನು ತಡೆಯುವುದನ್ನು ಮೆಲ್ಕಿಯೋರ್ ಮತ್ತು ಸಂಗಡಿಗರು ತೋರಿಸಿದರು. ಮೂರ್ ಮತ್ತು ಬ್ಲೋಬೆಲ್ ಎಂಬವರೂ ಬೇರೆ ದಾರಿಯಿಂದ ಅಲ್ಲಿಗೇ ಬಂದರು. ‘ರಾನ್’ ಎಂಬ ಚಿಕ್ಕ ಪ್ರೋಟೀನಿನ ಅಧಿಕಾರವು ಹೀಗೆ ಗೊತ್ತಾಯಿತು. ೧೯೯೪-೯೫ರಲ್ಲಿ ಗೋರ್ಲಿಕ್ ಮೊದಲಾದವರ ಕೆಲಸದಿಂದ ವಾಹಕಗಳಿಗೆ ಇಂಪಾರ್ಟಿನ್-ಆಲ್ಫಾ, ಇಂಪಾರ್ಟಿನ್-ಬೀಟಾ ಎಂಬ ಹೆಸರುಗಳು ಬಂದುವು. ಆಲ್ಫಾ ಎಂಬುದು ಸಂಕೇತವನ್ನು ಗುರುತಿಸಿ ಹಿಡಿಯುವುದು. ಬೀಟಾ ಎಂಬುದು ಆಲ್ಫಾವನ್ನು ಹಿಡಿದು ರಂಧ್ರದಲ್ಲಿ ಸಾಗಿಸುವುದು. ಒಳಗಡೆಯ ರಾನ್ ಬೀಟಾವನ್ನು ಹಿಡಿದು ಹೊರೆಯನ್ನು ಇಳಿಸುವುದು.

ಇಲ್ಲಿಂದ ಮುಂದೆ ಪ್ರತಿಬಂಧಕಗಳ ಪ್ರಯೋಜನವು ಬದಲಾಯಿತು. ದ್ವಾರವನ್ನು ಅರಿಯುವುದಕ್ಕಾಗಿ ತಡೆಯುತ್ತಿದ್ದವರು ರೋಗವನ್ನು ಕಳೆಯುವುದಕ್ಕಾಗಿ ತಡೆಯಬಯಸಿದರು. ಹೊರಕ್ಕೆ ಬರುವ ದಾರಿಯಲ್ಲಿ ಅವರಿಗೆ ಒಂದು ಭಾಗ್ಯವು ಒದಗಿದ್ದಿತು. ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಸೂಕ್ಷ್ಮಜೀವಿಯಿಂದ ಜಪಾನಿನವರು ೧೯೮೩ರಲ್ಲಿ ಪ್ರಕಟಿಸಿದ ಲೆಪ್ಟೊಮೈಸಿನ್-ಬಿ ಎಂಬ ದ್ರವ್ಯವು ನಿರ್ಗಮನವನ್ನು ತಡೆಯುವುದೆಂದು ೧೯೯೭ರಲ್ಲಿ ಸ್ಥಿರಪಟ್ಟಿತು. ಅದು ಸಿಆರ್‌ಎಂ-೧ ಎಂಬ ನಿರ್ಗಮವಾಹಕದ ೫೨೯ನೆಯ ಸ್ಥಾನದ ಸಿಸ್ಟೀನ್ ಎಂಬ ಒಂದೇ ಘಟಕಕ್ಕೆ ಬೆಸೆದುಕೊಳ್ಳುವುದೆಂದು ೧೯೯೯ರಲ್ಲಿ ತಿಳಿಯಿತು. ಅದೇ ವಾಹಕವನ್ನು ತಡೆಯುವ ಸೆಲಿನೆಕ್ಸರ್ ಎಂಬ ಔಷಧವು ಮಜ್ಜೆಯ ಒಂದು ಬಗೆಯ ಅರ್ಬುದರೋಗಕ್ಕಾಗಿ ೨೦೧೯ರಲ್ಲಿ ಅಮೆರಿಕದಲ್ಲಿ ಅನುಮತಿಯನ್ನು ಪಡೆಯಿತು. ಒಳಕ್ಕೆ ಹೋಗುವ ದಾರಿಗೆ ಪ್ರಕೃತಿಯು ಇಂತಹ ಸಿದ್ಧವಸ್ತುವನ್ನು ಸುಲಭವಾಗಿ ಕೊಡಲಿಲ್ಲ. ಮನುಷ್ಯನಲ್ಲಿ ಇಂಪಾರ್ಟಿನ್-ಆಲ್ಫಾ ಏಳು ಬಗೆ; ಬೀಟಾವಿನ ಕುಲದಲ್ಲಿ ಸುಮಾರು ಇಪ್ಪತ್ತು ಸದಸ್ಯರು. ಯಾರನ್ನು ತಡೆದರೆ ಯಾವ ಹೊರೆ ನಿಲ್ಲುವುದೆಂಬುದೇ ದೊಡ್ಡ ಪ್ರಶ್ನೆ.

ಆದಕಾರಣ ಮನುಷ್ಯರೇ ಮಣಿಗಳನ್ನು ಕಡೆಯಬೇಕಾಯಿತು. ೧೯೯೫ರಲ್ಲಿ ಹಾವಿಗರ್ ಮತ್ತು ಸಂಗಡಿಗರು ಸಂಕೇತದ ತುಂಡನ್ನೇ ಕೋಶದ ಪೊರೆಯನ್ನು ದಾಟುವ ಮತ್ತೊಂದು ತುಂಡಿಗೆ ಜೋಡಿಸಿ, ಎಸ್‌ಎನ್-೫೦ ಎಂಬ ಹುಸಿ ಪ್ರಯಾಣಿಕನನ್ನು ಮಾಡಿದರು. ೨೦೦೭ರಲ್ಲಿ ಚುಕ್ ಎಂಬಾಕೆಯ ತಂಡವು ಎರಡು ಸಂಕೇತಗಳ ಬಲವಾದ ಭಾಗಗಳನ್ನು ಕಸಿಮಾಡಿ, ಬೀಟಾ-೨ ಎಂಬ ವಾಹಕವನ್ನು ಬಿಡದೆ ಹಿಡಿಯುವ ಎಂ-೯-ಎಂ ಎಂಬುದನ್ನು ರಚಿಸಿತು. ೨೦೦೮ರಲ್ಲಿ ಜಪಾನಿನ ಕೊಸುಗಿ ಮೊದಲಾದವರು ಆಲ್ಫಾವನ್ನು ಹಾಗೆಯೇ ಹಿಡಿಯುವ ‘ಬೈಮ್ಯಾಕ್ಸ್’ಗಳನ್ನು ಮಾಡಿದರು. ಇವೆಲ್ಲವೂ ಯಜಮಾನನ ವೇಷದಲ್ಲಿ ಬಂದು ಗಾಡಿಯಲ್ಲಿ ಕುಳಿತು ಇಳಿಯದಿರುವವರ ಉಪಾಯ. ಇವು ಪೆಪ್ಟೈಡುಗಳಾದುದರಿಂದ ಕೋಶದೊಳಕ್ಕೆ ಕಳುಹಿಸುವುದೇ ಕಷ್ಟ. ಪ್ರಯೋಗಶಾಲೆಯಲ್ಲಿ ಒಳ್ಳೆಯವು, ಔಷಧವಾಗಲಾರವು.

ಸಣ್ಣ ಅಣುವಾದ ಇಂಪಾರ್ಟಜೋಲ್ ಎಂಬುದನ್ನು ಬರ್ಕ್ಲಿಯ ಹೀಲ್ಡ್, ವೈಸ್ ಮುಂತಾದವರು ೨೦೧೧ರಲ್ಲಿ ಪ್ರಕಟಿಸಿದರು. ಇದು ಇಂಪಾರ್ಟಿನ್-ಬೀಟಾವಿನ ಮೂಲಕ ಆಗುವ ಪ್ರವೇಶವನ್ನು ತಡೆಯುವುದು. ಟ್ರಾನ್ಸ್‌ಪಾರ್ಟಿನ್ ಎಂಬ ಜ್ಞಾತಿವಾಹಕವನ್ನೂ ನಿರ್ಗಮವಾಹಕವನ್ನೂ ತಡೆಯದು. ಇಷ್ಟರಮಟ್ಟಿಗೆ ಪರೀಕ್ಷೆಯು ನಿರ್ದುಷ್ಟವಾಗಿದೆ. ಆದರೆ ಇಂಪಾರ್ಟಿನ್-ಬೀಟಾವಿಗೆ ಇನ್ನೊಂದು ಉದ್ಯೋಗವುಂಟು. ಕೋಶವು ಇಬ್ಭಾಗವಾಗುವಾಗ ಕೋಶಕೇಂದ್ರದ ಪೊರೆಯು ಕರಗಿಹೋಗುವುದು, ದ್ವಾರವೆಂಬುದೇ ಇರದು. ಆ ಸಮಯದಲ್ಲಿಯೂ ಇದು ಕದಿರಿನಂತಹ ವಿಭಜನಯಂತ್ರವನ್ನು ಕಟ್ಟುವ ಕೆಲಸಕ್ಕೆ ಸಂಬಂಧಪಟ್ಟಿರುವುದು. ಇಂಪಾರ್ಟಜೋಲನ್ನು ಹಾಕಿದರೆ ಆ ಯಂತ್ರವೂ ಕೆಡುವುದೆಂದು ಅದನ್ನು ಕಂಡುಹಿಡಿದವರೇ ಬರೆದಿರುವರು. ಹಾಗಿರಲು, ಈ ದ್ರವ್ಯದಿಂದ ಒಂದು ಅರ್ಬುದಕೋಶವು ಸತ್ತರೆ, ಪ್ರವೇಶವು ನಿಂತುದರಿಂದಲೇ ಸತ್ತಿತು ಎಂದು ಹೇಳುವುದಕ್ಕೆ ಪ್ರಮಾಣವೆಲ್ಲಿ? ಹೇತುವು ಅಲ್ಲಿ ಅನೈಕಾಂತಿಕವಾಗುವುದು. ೨೦೧೬ರಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನಿನವರು ಐಎನ್‌ಐ-೪೩ ಎಂಬ ಮತ್ತೊಂದು ಅಣುವು ಇಂಪಾರ್ಟಿನ್-ಬೀಟಾವನ್ನು ತಡೆಯುವುದೆಂದೂ ಇಲಿಗಳಲ್ಲಿ ಗೆಡ್ಡೆಯ ಬೆಳವಣಿಗೆಯನ್ನು ಕುಗ್ಗಿಸುವುದೆಂದೂ ಪ್ರಕಟಿಸಿದಾಗಲೂ ಈ ಪ್ರಶ್ನೆಯೇ ಮುಂದೆ ನಿಲ್ಲುವುದು.

ಇನ್ನುಳಿದಿರುವುದು ಐವರ್ಮೆಕ್ಟಿನಿನ ಕಥೆ. ಜಪಾನಿನ ಓಮುರಾ ಸತೋಶಿಯವರು ಇಟೊ ಪಟ್ಟಣದ ಕವಾನಾ ಎಂಬೆಡೆಯ ಗಾಲ್ಫ್ ಮೈದಾನದ ಹತ್ತಿರದ ಮಣ್ಣಿನಿಂದ ಬೇರ್ಪಡಿಸಿದ ಸೂಕ್ಷ್ಮಜೀವಿಯೇ ಇದರ ಮೂಲ. ಅಮೆರಿಕದ ಮರ್ಕ್ ಸಂಸ್ಥೆಯ ವಿಲಿಯಂ ಕ್ಯಾಂಬೆಲರ ಕೆಲಸದಿಂದ ಅದು ಹುಳುಗಳನ್ನು ಕೊಲ್ಲುವ ಔಷಧವಾಗಿ, ಆಫ್ರಿಕದ ನದಿತೀರಗಳಲ್ಲಿ ಕುರುಡನ್ನುಂಟುಮಾಡುತ್ತಿದ್ದ ರೋಗವನ್ನು ಹಿಮ್ಮೆಟ್ಟಿಸಿತು. ಈ ಇಬ್ಬರಿಗೂ ೨೦೧೫ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು; ಅದಕ್ಕೆ ಅವರು ಅರ್ಹರೆಂಬುದರಲ್ಲಿ ಸಂದೇಹವಿಲ್ಲ. ಹುಳುಗಳ ನರಗಳಲ್ಲಿಯೂ ಮಾಂಸಖಂಡಗಳಲ್ಲಿಯೂ ಇರುವ ಕ್ಲೋರೈಡಿನ ನಾಲೆಗಳನ್ನು ತೆರೆದಿಟ್ಟು ಅವುಗಳನ್ನು ನಿಶ್ಚೇಷ್ಟಗೊಳಿಸುವುದು ಇದರ ಪ್ರಸಿದ್ಧವಾದ ವ್ಯಾಪಾರ. ಕೋಶಕೇಂದ್ರದ ದ್ವಾರಕ್ಕೂ ಇದಕ್ಕೂ ಸಂಬಂಧವಿದ್ದೀತೆಂದು ಯಾರೂ ಎಣಿಸಿರಲಿಲ್ಲ.

೨೦೧೧ರಲ್ಲಿ ಆಸ್ಟ್ರೇಲಿಯದ ಮೊನಾಷ್ ವಿಶ್ವವಿದ್ಯಾನಿಲಯದ ವ್ಯಾಗ್‌ಸ್ಟಾಫ್, ಜಾನ್ಸ್ ಮೊದಲಾದವರು, ಏಡ್ಸ್ ರೋಗದ ವೈರಸ್ಸಿನ ಇಂಟಿಗ್ರೇಸ್ ಎಂಬ ಪ್ರೋಟೀನು ಇಂಪಾರ್ಟಿನುಗಳನ್ನು ಹಿಡಿಯದಂತೆ ಮಾಡುವ ದ್ರವ್ಯಗಳನ್ನು ಹುಡುಕುತ್ತಿದ್ದಾಗ ಐವರ್ಮೆಕ್ಟಿನು ಸಿಕ್ಕಿತು. ೨೦೧೨ರಲ್ಲಿ ಅವರು, ಇದು ಇಂಪಾರ್ಟಿನ್ ಆಲ್ಫಾ-ಬೀಟಾ ಜೋಡಿಯ ಮೂಲಕ ಹೋಗುವ ಪ್ರೋಟೀನುಗಳನ್ನು ತಡೆಯುವುದೆಂದೂ, ಬೀಟಾ ಒಂದರಿಂದಲೇ ಹೋಗುವವನ್ನು ತಡೆಯದೆಂದೂ, ಪಾತ್ರೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಏಡ್ಸ್ ಮತ್ತು ಡೆಂಗೆ ವೈರಸ್ಸುಗಳ ವೃದ್ಧಿಯನ್ನು ಕುಗ್ಗಿಸುವುದೆಂದೂ ಬರೆದರು. ಇದು ಕ್ರಮವಾದ ಕೆಲಸವೇ ಸರಿ.

೨೦೨೦ರ ಮಹಾಮಾರಿಯ ಕಾಲದಲ್ಲಿ ಮೆಲ್ಬರ್ನಿನಿಂದಲೇ ಮತ್ತೊಂದು ಲೇಖನವು ಹೊರಟಿತು. ಕೋವಿಡ್ ವೈರಸ್ಸು ಹಿಡಿದ ಕೋಶಗಳಿಗೆ ಲೀಟರಿಗೆ ೫ ಮೈಕ್ರೊಮೋಲ್ ಪ್ರಮಾಣದಲ್ಲಿ ಐವರ್ಮೆಕ್ಟಿನನ್ನು ಒಂದು ಸಲ ಹಾಕಿದರೆ ೪೮ ಗಂಟೆಗಳಲ್ಲಿ ವೈರಸ್ಸಿನ ಆರ್‌ಎನ್‌ಎ ಸುಮಾರು ೫,೦೦೦ ಪಟ್ಟು ಕಡಿಮೆಯಾಯಿತೆಂಬುದು ಅದರ ಸಾರ. ಲೇಖಕರು ಇದನ್ನು ಪಾತ್ರೆಯೊಳಗಣ ಫಲವೆಂದೇ ಹೇಳಿದ್ದರು. ಓದಿದವರು ಪಾತ್ರೆಯನ್ನು ಮರೆತರು. ೫,೦೦೦ವನ್ನು ಮಾತ್ರ ಉಳಿಸಿಕೊಂಡರು. ಇಲ್ಲಿ ಮೂರು ಪ್ರಶ್ನೆಗಳಿದ್ದುವು. ಒಂದನೆಯದು ಪ್ರಮಾಣದ್ದು: ಅಷ್ಟು ಸಾಂದ್ರತೆಯು, ರೂಢಿಯಲ್ಲಿರುವ ಮಾತ್ರೆಯನ್ನು ನುಂಗಿದವನ ರಕ್ತದಲ್ಲಿ ದೊರೆಯುವುದಕ್ಕಿಂತ ಮೂವತ್ತು ಪಟ್ಟಿಗೂ ಮೀರಿದುದು. ಎರಡನೆಯದು: ಈ ವೈರಸ್ಸು ತನ್ನ ಪ್ರತಿಗಳನ್ನು ಮಾಡಿಕೊಳ್ಳುವುದು ಕೋಶಕೇಂದ್ರದ ಹೊರಗಣ ರಸದಲ್ಲಿ; ಅದಕ್ಕೆ ಒಳಹೋಗುವ ಅಗತ್ಯವೇ ಏಡ್ಸಿನ ವೈರಸ್ಸಿಗಿರುವಂತೆ ಇಲ್ಲ. ಅಷ್ಟೇ ಅಲ್ಲ, ಅದರ ಓಆರ್‌ಎಫ್-೬ ಎಂಬ ಪ್ರೋಟೀನು ತಾನೇ ದ್ವಾರವನ್ನು ಹಿಡಿದು, ಕೋಶದ ರಕ್ಷಣೆಗಾಗಿ ಒಳಕ್ಕೆ ಓಡಬೇಕಾದ ಸ್ಟಾಟ್-೧ ಎಂಬ ದೂತನನ್ನು ತಡೆಯುವುದೆಂದು ೨೦೨೦ರಲ್ಲಿಯೇ ಪ್ರಕಟವಾಯಿತು. ವೈರಸ್ಸೇ ಪ್ರತಿಬಂಧಕನಾಗಿರುವೆಡೆಯಲ್ಲಿ ಮತ್ತೊಂದು ಪ್ರತಿಬಂಧಕವು ಯಾರಿಗೆ ನೆರವಾದೀತು? ಮೂರನೆಯದು: ಆರ್‌ಎನ್‌ಎ ಕುಗ್ಗಿದ್ದು ಪ್ರವೇಶವು ನಿಂತುದರಿಂದಲೇ ಎಂಬುದನ್ನು ಆ ಪ್ರಯೋಗವು ತೋರಿಸಿರಲಿಲ್ಲ. ಉತ್ತೇಜಕವನ್ನು ಯಾರೂ ಹಾಕಿ ನೋಡಿರಲಿಲ್ಲ. ೧೯೮೭ರಲ್ಲಿ ಗೋಧಿಯ ಲೆಕ್ಟಿನಿಗೆ ಸಂದ ಪರೀಕ್ಷೆಯು, ಕೋಟ್ಯಂತರ ಜನರ ಆಸೆಯನ್ನು ಹೊತ್ತ ಈ ದ್ರವ್ಯಕ್ಕೆ ಸಲ್ಲಲಿಲ್ಲವೆಂಬುದು ವಿಷಾದಕರ.

ಭಾರತದಲ್ಲಿ ೨೦೨೧ರ ಏಪ್ರಿಲಿನಲ್ಲಿ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಗಳ ಚಿಕಿತ್ಸಾಸೂಚಿಯಲ್ಲಿ, ಸೌಮ್ಯರೋಗಿಗಳಿಗೆ ಕೊಡಬಹುದಾದವುಗಳ ಸಾಲಿನಲ್ಲಿ ಐವರ್ಮೆಕ್ಟಿನಿನ ಹೆಸರಿದ್ದಿತು. ಮೇ ತಿಂಗಳಲ್ಲಿ ಗೋವೆಯ ಸರಕಾರವು ವಯಸ್ಕರೆಲ್ಲರಿಗೂ ಅದನ್ನು ಕೊಡುವುದಾಗಿ ಸಾರಿತು. ಸೆಪ್ಟೆಂಬರಿನಲ್ಲಿ ಚಿಕಿತ್ಸಾಸೂಚಿಯಿಂದ ಅದನ್ನು ತೆಗೆದುಹಾಕಲಾಯಿತು. ಬ್ರೆಜಿಲಿನಲ್ಲಿ ೧,೩೫೮ ರೋಗಿಗಳ ಮೇಲೆ ನಡೆಸಿ ೨೦೨೨ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಐವರ್ಮೆಕ್ಟಿನನ್ನು ಪಡೆದವರಿಗೂ ಹುಸಿಮಾತ್ರೆಯನ್ನು ಪಡೆದವರಿಗೂ ಆಸ್ಪತ್ರೆಗೆ ಸೇರುವ ವಿಷಯದಲ್ಲಿ ಗಣನೀಯವಾದ ಭೇದವು ಕಂಡುಬರಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ ನಡೆದ ದೊಡ್ಡ ಪರೀಕ್ಷೆಯೂ ಇದನ್ನೇ ಹೇಳಿತು. ಹುಳುಗಳ ಔಷಧವಾಗಿ ಅದರ ಸ್ಥಾನವು ಮೊದಲಿನಂತೆಯೇ ಇರುವುದು. ಪ್ರಯೋಗಶಾಲೆಗಳಲ್ಲಿ ಆಲ್ಫಾ-ಬೀಟಾ ಜೋಡಿಯ ಪ್ರವೇಶವನ್ನು ತಡೆಯುವುದಕ್ಕಾಗಿಯೂ ಅದನ್ನು ಉಪಯೋಗಿಸುತ್ತಿರುವರು, ಅದರ ಜೊತೆಯಲ್ಲಿ ಮತ್ತೊಂದು ಪ್ರತಿಬಂಧಕವನ್ನೂ ಇಟ್ಟು ಹೋಲಿಸಿ ನೋಡುವ ಕ್ರಮದಿಂದ.